ಮಗಳಿಗೊಂದು ಪತ್ರ: ಒಂದು ಚೊಂಬು ನೀರು

ವಿನೋಬನಗರ, ದಾವಣಗೆರೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಭಾನುವಾರ ನೀನು "ಅಪ್ಪಾಜಿ, ನೀವು ಬದುಕುವ ಆಸೆಯನ್ನೇ ಬಿಟ್ಟಿದ್ದೀರಿ" ಎಂದು ಅತ್ತು ಫೋನ್ ಇಟ್ಟೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯಲು ಕುಳಿತಿದ್ದೇನೆ.

ಮೂತ್ರಕೋಶ ತೆಗೆಸುವ ವಿಷಯದಲ್ಲಿ ನಮ್ಮಲ್ಲಿ ಜಗಳವಿಲ್ಲ. ಕ್ಯಾನ್ಸರ್ ಗಡ್ಡೆ ಕೋಶದ ಗೋಡೆಯ ಸ್ನಾಯುವಿಗೆ ಇಳಿದಿದೆ; ಕೋಶದೊಳಗೇ ಹಲವು ಕಡೆ ಹರಡಿಕೊಂಡಿರುವುದರಿಂದ ವಿಕಿರಣ ಕೊಟ್ಟು ಕೋಶ ಉಳಿಸಿಕೊಳ್ಳುವ ದಾರಿ ನನಗೆ ಹೊಂದದು. ಕರುಳಿನ ತುಂಡಿನಿಂದ ಒಳಗೇ ಹೊಸ ಕೋಶ ಕಟ್ಟಿಸಿಕೊಳ್ಳಬೇಕೆಂಬುದು ನಿನ್ನ ಹಟ, ಹೊಟ್ಟೆಯ ಬಲಕ್ಕೆ ಸಣ್ಣ ಬಾಯಿ ಮಾಡಿ ಹೊರಗೆ ಮೂತ್ರ ಸೇರುವ ಚೀಲ ಅಂಟಿಸಿದರೆ ಸಾಕೆಂಬುದು ನನ್ನದು. ಹೊಸ ಕೋಶ ತುಂಬಿದ್ದು ಮೊದಲಿನಂತೆ ತಿಳಿಯುವುದಿಲ್ಲ. ಗಡಿಯಾರ ನೋಡಿ, ಹೊಟ್ಟೆ ಬಿಗಿಹಿಡಿದು ಖಾಲಿ ಮಾಡಬೇಕು, ರಾತ್ರಿ ಅಲಾರಂ ಇಟ್ಟು ಏಳಬೇಕು, ಎದ್ದರೂ ಹಾಸಿಗೆ ಒದ್ದೆಯಾಗಬಹುದು, ಕೆಲವರು ತಾವೇ ನಳಿಕೆ ಹಾಕಿಕೊಳ್ಳಬೇಕಾಗುತ್ತದೆ. ಐವತ್ತರಲ್ಲಾಗಿದ್ದರೆ ಕಲಿಯುತ್ತಿದ್ದೆ, ಎಪ್ಪತ್ತೊಂದರಲ್ಲಿ ನಿನ್ನವ್ವನ ನಿದ್ದೆ ಕೆಡಿಸಲಾರೆ.

ಇನ್ನು ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ. ನೀನೇ ಕಳುಹಿಸಿದ, 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವನ್ನು ಲೆಕ್ಕದ ಗುಮಾಸ್ತನ ಕಣ್ಣಿನಿಂದಲೇ ನೋಡಿದೆ: ಎರಡು ವರ್ಷ ರೋಗ ಮುಂದುವರಿಯದೆ ಉಳಿದವರು ರೋಬೋಟ್ ಕಡೆ ಶೇ. 72.3, ಹೊಟ್ಟೆ ತೆರೆದು ಮಾಡಿದ ಕಡೆ ಶೇ. 71.6. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು, ಒಪ್ಪಿದೆ. ಅದಕ್ಕಾಗಿ ನೀನು ಸಾಲ ಮಾಡುವುದನ್ನು ಒಪ್ಪಲಾರೆ. ಅಷ್ಟು ಇಂಗ್ಲಿಷನ್ನು ಅಪ್ಪನಿಗಾಗಿ ಓದಿ ಅರ್ಥ ಹೇಳಿದೆಯಲ್ಲ, ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಅಂದು ಉತ್ತರಿಸಲಿಲ್ಲ. ಮೊದಲ ಸಲ ಮೂತ್ರದಲ್ಲಿ ಕೆಂಪು ಕಂಡದ್ದು ನೀನು ಬಾಣಂತನಕ್ಕೆ ಬಂದ ಹದಿಮೂರನೆಯ ದಿನ. ಬೆಳಗಿನ ಜಾವ, ಕುಂಕುಮ ಕದಡಿದ ನೀರಿನಂತಿತ್ತು. ಒಳಕೋಣೆಯಿಂದ ಲೋಬಾನದ ಹೊಗೆ ಬರುತ್ತಿತ್ತು, ಮಗು ಅಳುತ್ತಿತ್ತು. ನಾನು ಒಂದು ಚೊಂಬು ನೀರು ಸುರಿದು ಹೊರಗೆ ಬಂದೆ. ನೋವಿರಲಿಲ್ಲ. ಎರಡು ದಿನಕ್ಕೆ ತಾನೇ ನಿಂತಿತು. ಉಷ್ಣವೆಂದುಕೊಂಡು ಎಳನೀರು ಕುಡಿದೆ. ಮುಂದಿನ ತಿಂಗಳು ಮತ್ತೆ ಬಂತು, ಮತ್ತೆ ಒಂದು ಚೊಂಬು. ಹೀಗೆ ಐದು ತಿಂಗಳು. ಅಂದೇ ತೋರಿಸಿದ್ದರೆ ಗಡ್ಡೆ ಒಳಪದರದಲ್ಲೇ ಸಿಕ್ಕಿ, ಕೆರೆದು ತೆಗೆದು ಕೋಶದೊಳಗೆ ಬಿಸಿಜಿ ಎಂಬ ಔಷಧಿ ಹಾಕಿದ್ದರೆ ಸಾಕಾಗುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ; ಅವರು ಕಡತದ ಹಾಳೆ ತಿರುವಿದರು. ರಾತ್ರಿಯೆಲ್ಲ ಆ ಚೊಂಬಿನ ಸದ್ದೇ ಕೇಳುತ್ತದೆ. ನಿನ್ನ ಬಾಣಂತನ ನೆಪ ಮಾತ್ರ, ಹೆದರಿದವನು ನಾನು. ಕ್ಷಮಿಸು.

ನೋವಿಲ್ಲದಿದ್ದರೂ, ಒಂದೇ ಸಲವಾದರೂ, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ತೋರಿಸಬೇಕು, ಅಳಿಯಂದಿರಿಗೂ ಹೇಳು. ಅವರು ಸಿಗರೇಟು ಬಿಡಲಿ. ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ದುಡಿದವರಿಗೂ ಈ ರೋಗ ಬರುವುದುಂಟಂತೆ, ಲೆಕ್ಕದ ಕೋಣೆಯಲ್ಲಿ ಕುಳಿತ ನನಗೆ ಆ ನೆಪವೂ ಇಲ್ಲ. ನಲವತ್ತು ವರ್ಷ ಸೇದಿದ ಬೀಡಿಯೇ. ಉಪದೇಶ ಮಾಡುವುದಿಲ್ಲವೆಂದುಕೊಂಡೇ ಪೆನ್ನು ಹಿಡಿದಿದ್ದೆ.

ಶಸ್ತ್ರಚಿಕಿತ್ಸೆಗೆ ಮೊದಲು, ಪಂಚೆಯ ಗಂಟು ತಾಗದಂತೆ, ನನ್ನನ್ನು ಕೂರಿಸಿ ನಿಲ್ಲಿಸಿ ನೋಡಿ ಚೀಲದ ಜಾಗಕ್ಕೆ ಗುರುತು ಹಾಕುತ್ತಾರಂತೆ. ಆ ದಿನ ನೀನು ಜೊತೆಗಿರಬೇಕು, ಮಗುವನ್ನೂ ಕರೆದುಕೊಂಡು ಬಾ.

ನಿನ್ನ ಅಪ್ಪಾಜಿ