ನನ್ನ ಎತ್ತು, ನಾಯಿ ನೋಡಲು ಬಂದವರಿಗೆಲ್ಲ

ಮಣ್ಣಿನ ಪ್ರಾಣಿಗಳು, ಇದ್ದಿಲಿನ ಚಿತ್ರಗಳ ನನ್ನ ಮೊದಲ ಪ್ರದರ್ಶನ ಮುಗಿಯಿತು. ನವನಗರದ ಹಾಲ್ ಖಾಲಿ ಮಾಡಿ, ಮಣ್ಣಿನ ಎತ್ತುಗಳನ್ನು ಹಳೇ ಕೌದಿಯಲ್ಲಿ ಸುತ್ತಿ ಮನೆಗೆ ತಂದದ್ದಾಯ್ತು. ಒಂದರ ಕೊಂಬು ಮುರಿದಿದೆ, ಇರಲಿ. ಸುಮ್ನೆ ಇಣುಕಿ ಹೋದವರು, ಬುತ್ತಿ ಕಟ್ಟಿಕೊಂಡು ಬಂದು ಮಧ್ಯಾಹ್ನ ಪೂರ್ತಿ ಕೂತವರು, ಎಲ್ಲರಿಗೂ ಶರಣು.

ಆದರೆ ಜಾಸ್ತಿ ಋಣ ಇರುವುದು ಪ್ರಾಣಿಗಳ ಜೊತೆ ದಿನಾ ಬದುಕುವವರದು. ಪ್ರಾಣಿ ಅಂದ್ರೆ ನನಗೆ ಚಿಕ್ಕಂದಿನಿಂದ ಹುಚ್ಚು. ನೋಡುವುದನ್ನು ಕಲಿಸಿದವರು ಇವರು.

ಮೊದಲು ನಮ್ಮ ಓಣಿಯ ಕುಂಬಾರ ಕಾಕಾ. ಮಣ್ಣೆತ್ತಿನ ಅಮಾವಾಸ್ಯೆಗೆ ಅವರ ಮನೆಯಿಂದಲೇ ಎತ್ತಿನ ಜೋಡಿ, ಅವಕ್ಕೆ ಮೇವು ಹಾಕುವ ಗ್ವಾದಲಿ ತರುತ್ತಿದ್ದೆವು. ಒಂದು ವರ್ಷ, "ಎತ್ತು ಬ್ಯಾಡ ಕಾಕಾ, ಮಣ್ಣ ಕೊಡ್ರಿ" ಅಂದೆ. ನಕ್ಕು ಕೊಟ್ಟರು. ಇವತ್ತಿಗೂ ಮಣ್ಣು ಅವರದೇ. ಬೂದಿ ಬೆರೆಸಿ ತುಳಿಯುವುದು, ದೊಡ್ಡ ಎತ್ತಿನ ಹೊಟ್ಟೆ ಟೊಳ್ಳು ಮಾಡುವುದು, ನೆರಳಲ್ಲಿ ಒಣಗಿಸುವುದು ಎಲ್ಲ ಅವರ ಪಾಠ. ಒಳಗೆ ಪಸೆ ಉಳಿದರೆ ಆವಿಗೆಯ ಬೆಂಕಿಗೆ ಅದು ಹಬೆಯಾಗಿ ಮೈಯನ್ನೇ ಒಡೆಯುತ್ತದೆ. "ಅವಸರ ಮಾಡಿದ್ರ ಎತ್ತ ಸಿಡೀತೈತಿ ನೋಡವಾ" ಅನ್ನುತ್ತಿದ್ದರು.

ಪಶು ಆಸ್ಪತ್ರೆಯ ಡಾಕ್ಟರ್ ಮೇಡಂಗೆ ಥ್ಯಾಂಕ್ಸ್. ಎತ್ತಿನ ಹಿಂಗಾಲಲ್ಲಿ ಹಿಂದಕ್ಕೆ ಚೂಪಾಗಿ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕ ಇರುತ್ತದೆ. ಅವರು ಎಲುಬು ಮುಟ್ಟಿಸಿ ತೋರಿಸಿದ ಮೇಲೆ ನನ್ನ ಎತ್ತುಗಳು ನೆಟ್ಟಗೆ ನಿಂತವು.

ಮುಧೋಳದ ಹತ್ತಿರ ನಾಯಿ ಸಾಕುವ ಅಣ್ಣನನ್ನು ಮರೆಯಲಾರೆ. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೆ ಬಂತು. ಅದನ್ನೇ ನೋಡಿ ನಾಯಿ ಬಿಡಿಸಲು ಶುರು ಮಾಡಿದವಳು ನಾನು. ಆದರೆ ಚೀಟಿಯಲ್ಲಿ ನಾಯಿ ಓಡುವುದಿಲ್ಲ, ಅಲ್ವಾ? ಅಣ್ಣ ಕಟಾವಾದ ಜೋಳದ ಹೊಲದಲ್ಲಿ ಬಿಟ್ಟು ತೋರಿಸಿದರು. ಬೆನ್ನು ಬಿಲ್ಲಿನ ಹಾಗೆ ಬಾಗಿ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡುತ್ತವೆ. ಮರುಗಳಿಗೆ ಹಿಂದೆ ಮುಂದೆ ಚಾಚಿಕೊಳ್ಳುತ್ತವೆ. ಎರಡೂ ಸಲ ಒಂದು ಕಾಲೂ ನೆಲಕ್ಕೆ ತಾಗಿರುವುದಿಲ್ಲ! "ಯಾಕ್ರಿ, ಮಣ್ಣಿನ ನಾಯಿ ಎಲ್ಲಾ ಮಲಗ್ಯಾವು?" ಅಂತ ಬಹಳ ಜನ ಕೇಳಿದಿರಿ. ಆ ಸಪೂರ ಕಾಲು ಹಸಿಮಣ್ಣಿನ ಭಾರ ತಡೆಯುವುದಿಲ್ಲ. ಅದಕ್ಕೇ ಓಡುವ ನಾಯಿಗಳೆಲ್ಲ ಇದ್ದಿಲಿನ ಚಿತ್ರದಲ್ಲಿವೆ.

ಬಾದಾಮಿಯ 1ನೇ ಗುಹೆ ಕೆತ್ತಿದವರಿಗೂ ಒಂದು ನಮಸ್ಕಾರ. ಅಲ್ಲಿ ದ್ವಾರಪಾಲಕನ ಕೆಳಗೆ ಎತ್ತು, ಆನೆ ಎರಡಕ್ಕೂ ಒಂದೇ ತಲೆ. ಒಂದು ಕಡೆಯ ಮೈಯನ್ನು ಅಂಗೈಯಿಂದ ಮರೆ ಮಾಡಿ ನೋಡಿ, ಎತ್ತು. ಇನ್ನೊಂದು ಕಡೆ ಮರೆ ಮಾಡಿದರೆ ಆನೆ. ಸಾವಿರದ ನಾನೂರು ವರ್ಷದ ಹಿಂದಿನ ಈ ಚೇಷ್ಟೆ ನೋಡಲು ನಾನು ಈಗಲೂ ಹೋಗುತ್ತೇನೆ.

ಅವ್ವನಿಗೆ ಏನು ಹೇಳಲಿ? "ಮಂದಿ ಚಿತ್ರ ತಗಿ, ರೊಕ್ಕ ಬರ್ತಾವು" ಅಂತ ಬೈಯುತ್ತಲೇ ಪ್ರದರ್ಶನದ ದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಚಹಾ ಕೊಟ್ಟಳು.

ಕೊನೆಯ ದಿನ ಬಂದ ಹಿರಿಯರೊಬ್ಬರನ್ನು ಹುಡುಕುತ್ತಿದ್ದೇನೆ. ಪಟಕಾ ಸುತ್ತಿದ್ದರು, ಕೈಯಲ್ಲಿ ಬಾರುಕೋಲು. ಚಿತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಕಿಲಾರಿ ತಳಿಯ ದೊಡ್ಡ ಮಣ್ಣಿನ ಎತ್ತಿನ ಸುತ್ತ ಬಂದರು. ಇಣಿ (ಬೆನ್ನ ಮೇಲಿನ ಡುಬ್ಬ) ನೋಡಿದರು, ಗಂಗೆದೊಗಲಿನ ಕೆಳಗೆ ಕೈ ಹಿಡಿದರು, ಕುತ್ತಿಗೆಯ ಮೇಲೆ ಬೆರಳಾಡಿಸಿದರು. "ಯಾರ ಎತ್ತ್ ಇದು? ಬಲಕ್ಕ ಹೂಡ್ತಾರಲಾ?" ಅಂದರು. ನಾನು ನೋಡಿ ಮಾಡಿದ್ದು ಬೀಳಗಿ ಕಡೆಯ ರೈತರೊಬ್ಬರ ಎತ್ತು. ರಾತ್ರಿ ಫೋನ್ ಮಾಡಿ ಕೇಳಿದೆ. ಹೌದು, ನೊಗದ ಬಲಗಡೆಗೆ ಹೂಡುವ ಎತ್ತೇ! ಆ ಅಜ್ಜ ಯಾರೆಂದು ಗೊತ್ತಿದ್ದವರು ದಯವಿಟ್ಟು ನನ್ನ ಕೃತಜ್ಞತೆ ತಲುಪಿಸಿ. ಎಡಗಡೆಯ ಎತ್ತನ್ನೂ ಮಾಡುತ್ತಿದ್ದೇನೆ, ಆವಿಗೆಗೆ ಇಡುವ ಮೊದಲು ಅವರೊಮ್ಮೆ ಬಂದು ನೋಡಬೇಕು.