ಮಗಳಿಗೊಂದು ಪತ್ರ: 470ರ ಕಾಲು

ಪುಟ್ಟಿ,

ಭಾನುವಾರದ ಜಗಳವನ್ನು ಮತ್ತೆ ಕೆದಕುವುದಿಲ್ಲ. ಆದರೆ ನಿನ್ನ ಎಚ್‌ಪಿ-35 ಕ್ಯಾಲ್ಕುಲೇಟರಿಗೆ ನೀನೇ ಮಾಡಿದ ಪವರ್ ಸಪ್ಲೈ ಬೋರ್ಡನ್ನು ಜೋಡಿಸಲು ಹೊರಟಾಗ ನಿನ್ನ ಕೈಯಿಂದ ವೈರ್ ಯಾಕೆ ಕಿತ್ತುಕೊಂಡೆ ಅನ್ನೋದು ನಿನಗೆ ಗೊತ್ತಿಲ್ಲ. ಅದನ್ನು ಹೇಳಬೇಕು.

ನಿನ್ನ ಬೋರ್ಡಿನ ಮೇಲೆ 240 ಓಮ್, 470 ಓಮ್ ರೆಸಿಸ್ಟರ್ ಕಂಡೆ. ನಿನ್ನ ವಯಸ್ಸಿನಲ್ಲಿ ನಾನೂ ಅವನ್ನೇ ಹಾಕಿದ್ದೆ.

ನಿನ್ನ ತಾತ, ಅಂದರೆ ನನ್ನ ಅಪ್ಪನ ಹತ್ತಿರವೂ ಒಂದು ಎಚ್‌ಪಿ-35 ಇತ್ತು. 1972ರಲ್ಲಿ ಬಂದ, ಜೇಬಿನಲ್ಲಿ ಇಡಬಹುದಾದ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಅದು. ಒಳಗಿನ ಮೂರು ನಿಕಲ್ ಕ್ಯಾಡ್ಮಿಯಂ ಸೆಲ್ ಸತ್ತುಹೋಗಿದ್ದವು. ಒಂದೊಂದಕ್ಕೆ 1.2 ವೋಲ್ಟ್, ಒಟ್ಟು 3.6. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎಲ್‌ಎಂ317 ಚಿಪ್ ಇಟ್ಟು ನಾನೇ ಪವರ್ ಸಪ್ಲೈ ಮಾಡಿದೆ. ಎಷ್ಟು ವೋಲ್ಟ್ ಹೊರಬರಬೇಕು ಅನ್ನೋದನ್ನು ಆ ಎರಡು ರೆಸಿಸ್ಟರ್ ಗೊತ್ತುಮಾಡುತ್ತವೆ. ಲೆಕ್ಕದಲ್ಲಿ 3.7 ಬಂತು, ಮೀಟರ್ ಕೂಡ ಅದನ್ನೇ ತೋರಿಸಿತು. ಅಪ್ಪನನ್ನು ಕರೆದು ಕೂರಿಸಿದೆ. ಅವರು 2 ಒತ್ತಿ ವರ್ಗಮೂಲದ ಕೀ ಒತ್ತಿದರು. 1.414213562. ಹತ್ತೂ ಅಂಕಿಯನ್ನು ಜೋರಾಗಿ ಓದಿದರು. ಅಷ್ಟು ಖುಷಿ ಅವರ ಮುಖದಲ್ಲಿ ನಾನು ಕಂಡದ್ದು ಕಡಿಮೆ.

ಆಮೇಲೆ ಕ್ಯಾಲ್ಕುಲೇಟರನ್ನು ಹತ್ತಿರಕ್ಕೆ ಎಳೆದುಕೊಂಡರು. ವೈರ್ ಜಗ್ಗಿತು, ಬೋರ್ಡ್ ಅಲುಗಿತು, 470ರ ಒಂದು ಕಾಲು ಬಿಟ್ಟಿತು. ಗ್ರೌಂಡ್ ಕಡೆಯ ಆ ರೆಸಿಸ್ಟರ್ ಬಿಟ್ಟರೆ 317 ಒಳಗೆ ಬಂದದ್ದನ್ನು ಹೆಚ್ಚುಕಮ್ಮಿ ಹಾಗೇ ಹೊರಗೆ ಬಿಡುತ್ತದೆ. ಅಡಾಪ್ಟರಿನ ಮೇಲೆ ಬರೆದದ್ದು 9 ವೋಲ್ಟ್. ಲೋಡ್ ಕಡಿಮೆ ಇದ್ದಾಗ 12 ದಾಟುತ್ತಿತ್ತು. ಕೆಂಪು ಅಂಕಿಗಳು ಒಮ್ಮೆ ಭಗ್ಗನೆ ಹೊಳೆದವು. ಮತ್ತೆ ಹತ್ತಲೇ ಇಲ್ಲ.

ಅಪ್ಪ ಬಯ್ಯಲಿಲ್ಲ. ಸ್ವಿಚ್ಚನ್ನು ಎರಡು ಸಲ ಆಚೆ ಈಚೆ ಸರಿಸಿ ನೋಡಿದರು. ಕವರಿಗೆ ಹಾಕಿ ಬೀರುವಿನ ಮೇಲಿಟ್ಟರು, ಅಷ್ಟೇ. ಬಯ್ದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಬೆಸುಗೆ ಮಂಕಾಗಿತ್ತು ಕಣೇ, ಹೊಳೆಯುತ್ತಿರಲಿಲ್ಲ. ಕಾಲನ್ನು ಬಗ್ಗಿಸದೆ ನೇರವಾಗಿ ತೂರಿಸಿ, ಸೀಸ ಮುಟ್ಟಿಸಿ ಬಿಟ್ಟಿದ್ದೆ. ಸರಿಯಾಗಿ ಕಾಯಿಸಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ನೋಡಿಯೂ ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಒಂದು ನಿಮಿಷದ ಕೆಲಸ. ಇವತ್ತಿಗೂ ಯಾವ ಬೋರ್ಡ್ ಕೈಗೆ ಬಂದರೂ ಮೊದಲು ಆ ಕಾಲನ್ನೇ ಹುಡುಕುತ್ತೇನೆ. ಭಾನುವಾರವೂ ಅದನ್ನೇ ಹುಡುಕಿದೆ. ಕೇಳುವಷ್ಟು ತಾಳ್ಮೆ ಇರಲಿಲ್ಲ, ಕಿತ್ತುಕೊಂಡೆ.

ನೀನು ಹೋದ ಮೇಲೆ ಲೆನ್ಸ್ ಹಿಡಿದು ನಿನ್ನ ಬೋರ್ಡ್ ನೋಡಿದೆ. ಎಲ್ಲ ಬೆಸುಗೆಯೂ ಫಳಫಳ ಹೊಳೆಯುತ್ತಿವೆ. 470ರ ಕಾಲನ್ನು ಬಗ್ಗಿಸಿ ಹಾಕಿದ್ದೀಯ. ನಿನಗೆ ಯಾರೂ ಹೇಳಿಕೊಟ್ಟಿಲ್ಲ ಅಲ್ವಾ? ಮೀಟರಿನಲ್ಲಿ 3.71 ಬಂತು. "ನಿನ್ನ ಕೈಯಲ್ಲಿ ಇದು ಆಗಲ್ಲ" ಅಂದದ್ದು ತಪ್ಪು. ಕ್ಷಮಿಸು.

ಆದರೂ ಸುಮ್ನೆ ಮೀಟರ್ ಇಟ್ಟು ನೋಡಿದರೆ ಸಾಲದು. ಕ್ಯಾಲ್ಕುಲೇಟರ್ ಬದಲು 33 ಓಮ್, 1 ವ್ಯಾಟಿನ ರೆಸಿಸ್ಟರ್ ಜೋಡಿಸು. ಸುಮಾರು 110 ಮಿಲಿಆಂಪ್ ಎಳೆಯುತ್ತದೆ. ಅರ್ಧ ಗಂಟೆ ಹಾಗೇ ಬಿಡು. ಬೋರ್ಡನ್ನು ಅಲುಗಾಡಿಸು, ವೈರ್ ಜಗ್ಗು, ವೋಲ್ಟೇಜ್ ಕದಲಬಾರದು. 317 ಜಾಸ್ತಿ ಬಿಸಿಯಾದರೆ ಹೀಟ್‌ಸಿಂಕ್ ಹಾಕು. ಅದರ ಲೋಹದ ಭಾಗ ಔಟ್‌ಪುಟ್ಟಿಗೆ ಸೇರಿರುತ್ತದೆ, ಬೇರೆ ಯಾವುದಕ್ಕೂ ತಾಗಬಾರದು. ಪ್ಲಸ್ ಮೈನಸ್ ಪ್ರತಿ ಸಲವೂ ನೋಡು, ನೆನಪನ್ನು ನಂಬಬೇಡ. ಔಟ್‌ಪುಟ್ಟಿಗೆ ಅಡ್ಡಲಾಗಿ 4.7 ವೋಲ್ಟಿನ 5 ವ್ಯಾಟ್ ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್), ಒಳಬರುವ ವೈರಿಗೆ 250 ಮಿಲಿಆಂಪ್ ಫ್ಯೂಸ್ ಹಾಕು. ಯಾವತ್ತಾದರೂ ಕಾಲು ಬಿಟ್ಟರೆ ಫ್ಯೂಸ್ ಹೋಗಲಿ, ಕ್ಯಾಲ್ಕುಲೇಟರ್ ಉಳಿಯಲಿ. ರಾತ್ರಿ ನಿದ್ದೆಗಣ್ಣಿನಲ್ಲಿ ಮಾತ್ರ ಹಚ್ಚಬೇಡ. ಊಟ ಬಿಟ್ಟು ಕೂರಬೇಡ.

ಕ್ಯಾಲ್ಕುಲೇಟರನ್ನೂ ಬೋರ್ಡನ್ನೂ ಹಾಸ್ಟೆಲ್ಲಿಗೆ ಕಳಿಸುತ್ತಿದ್ದೇನೆ. ಝೀನರ್, ಫ್ಯೂಸ್ ಬೇರೆ ಪೊಟ್ಟಣದಲ್ಲಿವೆ. ನಿನ್ನ ಬೆಸುಗೆಯನ್ನು ನಾನು ಮುಟ್ಟಿಲ್ಲ. ನಾನೇ ಹಾಕಿಬಿಡೋಣ ಅಂತ ಒಮ್ಮೆ ಬೆಸುಗೆ ಕಬ್ಬಿಣ ಕಾಯಿಸಿದೆ, ಮತ್ತೆ ಆರಿಸಿದೆ.

ಹಚ್ಚಿದ ದಿನ 2ರ ವರ್ಗಮೂಲ ಒತ್ತು. ನನಗೆ ಫೋನ್ ಮಾಡಿ ಓದಿ ಹೇಳು, ಹತ್ತೂ ಅಂಕಿ.

ನಿನ್ನ ಅಮ್ಮ