ದುರ್ಗವನ್ನು ನೀರು ಇಳಿದ ದಾರಿಯಲ್ಲಿ ನಡೆದು ನೋಡಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗವನ್ನು ಗುಂಪು ಕಟ್ಟಿಕೊಂಡು ನಡೆದು ನೋಡಲು ಹೊರಡುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಎಂಟು ಗಂಟೆಗೆ ಗಾಂಧಿ ವೃತ್ತದಲ್ಲಿ ಸೇರುತ್ತಾರೆ, ತಿಂಡಿ ಮುಗಿಸುತ್ತಾರೆ, ಪೇಟೆಯಲ್ಲಿ ಒಂದು ಸುತ್ತು ಹಾಕುತ್ತಾರೆ, ಹತ್ತರ ಬಿಸಿಲಿಗೆ ಕೋಟೆ ಹತ್ತಲು ಶುರು ಮಾಡುತ್ತಾರೆ. ಹನ್ನೊಂದರ ಹೊತ್ತಿಗೆ ಬಂಡೆ ಕಾದ ಹಂಚು. ಏಕನಾಥೇಶ್ವರಿ ಗುಡಿಯ ಹತ್ತಿರ ಅರ್ಧ ಗುಂಪು ನೆರಳು ಹುಡುಕಿ ಕೂತುಬಿಡುತ್ತದೆ. ಉಳಿದರ್ಧ ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುತ್ತದೆ. ಗೋಪಾಲಸ್ವಾಮಿ ಹೊಂಡದ ತನಕ ಹೋಗುವವರು ನಾಲ್ಕೈದು ಮಂದಿ.

ಇದನ್ನು ತಿರುವಿ ಹಾಕಿದರೆ ಸಾಕು. ಮೊದಲು ಬೆಟ್ಟ, ಆಮೇಲೆ ಪೇಟೆ. ಬಿಸಿಲು ತಪ್ಪಿಸಿಕೊಳ್ಳುವುದು ಇದರಲ್ಲಿ ಸಣ್ಣ ಲಾಭ. ದೊಡ್ಡ ಲಾಭವೆಂದರೆ, ಹಾಗೆ ನಡೆದಾಗ ಈ ಊರಿನ ಮಳೆನೀರು ಇಳಿದ ದಾರಿಯಲ್ಲೇ ನಾವೂ ಇಳಿಯುತ್ತೇವೆ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಅಕ್ಕ-ತಂಗಿ ಹೊಂಡಕ್ಕೆ, ಅದೂ ತುಂಬಿ ಹರಿದದ್ದು ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಈ ಸರಪಳಿ ಹಿಡಿದು ನಡೆದವರಿಗೆ ಕೋಟೆ ಬೇರೆ, ಊರು ಬೇರೆ ಎಂದು ಅನ್ನಿಸುವುದಿಲ್ಲ. ಏಳು ಸುತ್ತಿನ ಕೋಟೆಯ ಹೊರಸುತ್ತುಗಳು ಊರೊಳಗೇ ಇವೆ. ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗವಷ್ಟೇ ಕೋಟೆ ಎಂದುಕೊಂಡವರು ಪೇಟೆಯೊಳಗಿನ ರಂಗಯ್ಯನ ಬಾಗಿಲನ್ನು, ಅದೂ ಕೋಟೆಯದೇ ಎಂದು ತಿಳಿಯದೆ, ಬೈಕಿನಲ್ಲಿ ದಾಟಿ ಹೋಗುತ್ತಾರೆ.

ವರ್ಷಕ್ಕೆ ಅರವತ್ತು ಸೆಂಟಿಮೀಟರ್ ಆಸುಪಾಸು ಮಳೆ ಬೀಳುವ ಬಯಲುಸೀಮೆಯ ಬೆಟ್ಟದ ಮೇಲೆ ಒಂದು ಸಂಸ್ಥಾನದ ಸೈನ್ಯ ಹೇಗೆ ಬದುಕಿತು ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಅದರ ಮೇಲೆ 20 ಮಿ.ಮೀ. ಮಳೆ ಸುರಿದರೆ 80,000 ಲೀಟರ್. ಕಪ್ಪು ಮಣ್ಣಿನ ಹೊಲವಾದರೆ ಬಹುಪಾಲು ಹೀರಿಕೊಳ್ಳುತ್ತಿತ್ತು. ಇಲ್ಲಿರುವುದು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟ್, ಹನಿಯನ್ನೂ ಕುಡಿಯದು. ಬಿದ್ದದ್ದೆಲ್ಲ ಜಾರಿ ತಗ್ಗಿಗೆ ಬರುತ್ತದೆ. ತಗ್ಗಿನ ಬಾಯಿಗೆ ಕಟ್ಟೆ ಕಟ್ಟಿದರೆ ಹೊಂಡ.

ಮಳೆಗಾಲವಲ್ಲದಿದ್ದರೂ ನೀರಿನ ಜಾಡು ಕಣ್ಣಿಗೆ ಬೀಳುತ್ತದೆ. ಬಂಡೆಯ ಮೈಮೇಲೆ ಮೇಲಿನಿಂದ ಕೆಳಗೆ ಇಳಿದ ಕಪ್ಪು ಪಟ್ಟೆಗಳನ್ನು ನೋಡಿ. ಅವು ಮಸಿಯಲ್ಲ, ಬಣ್ಣವಲ್ಲ. ಮಳೆ ಬಂದಾಗೆಲ್ಲ ನೀರು ಅದೇ ಗೆರೆಯಲ್ಲಿ ಹರಿದು, ಅಲ್ಲಿ ಬೆಳೆದ ಸೂಕ್ಷ್ಮ ಪಾಚಿ ಒಣಗಿ ಕಪ್ಪಾಗಿದೆ. ಪಟ್ಟೆಯ ಮೇಲ್ತುದಿಯಲ್ಲಿ ಒಂದು ಲೋಟ ನೀರು ಸುರಿದರೆ ಅದು ಎರಡು ಬೆರಳು ಆಚೀಚೆ ಹೋಗದೆ ಅದೇ ಗೆರೆ ಹಿಡಿದು ಇಳಿಯುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಆಮೇಲೆ ಅವರೇ ಮುಂದೆ ಓಡಿ ಪಟ್ಟೆ ಹುಡುಕುತ್ತಾರೆ. ಅದೇ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕ ಕುಳಿಗಳೂ ಸಿಗುತ್ತವೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು ಅವು. ಒಂದು ಕಡೆ ಅರ್ಧ ಕುಳಿ ಮಾತ್ರ ಉಳಿದಿದ್ದರೆ, ಉಳಿದರ್ಧ ಯಾವುದೋ ಗೋಡೆಯ ಕಲ್ಲಿನಲ್ಲಿದೆ ಎಂದರ್ಥ.

ಇನ್ನು ಏರ್ಪಾಡಿನ ಮಾತು. ಗುಂಪು ಹದಿನೈದು ಮಂದಿ ಮೀರಬಾರದು. ಮೀರಿದರೆ ಮುಂದಾಳು ದನಿ ಎತ್ತಬೇಕಾಗುತ್ತದೆ, ದನಿ ಸಾಲದೆ ಮೈಕು ಬರುತ್ತದೆ, ಮೈಕು ಬಂದ ಮೇಲೆ ಅದು ನಡಿಗೆಯಲ್ಲ, ಮೆರವಣಿಗೆ. ಮೂವತ್ತು ಜನ ಹೆಸರು ಕೊಟ್ಟರೆ ಎರಡು ಗುಂಪು ಮಾಡಿ, ಅರ್ಧ ಗಂಟೆ ಅಂತರದಲ್ಲಿ ಬಿಡಿ. ಮುಂದೆ ಒಬ್ಬರು, ಎಲ್ಲರಿಗಿಂತ ಹಿಂದೆ ಇನ್ನೊಬ್ಬರು. ಆ ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು. ಶುರುವಿನಲ್ಲೇ ಎಲ್ಲರಿಗೂ ಒಂದೊಂದು ಸಂಖ್ಯೆ ಕೊಟ್ಟು, ಪ್ರತಿ ನಿಲುಗಡೆಯಲ್ಲಿ ಒಂದರಿಂದ ಹದಿನೈದರವರೆಗೆ ಕೂಗಿಸಿ. ಬಂಡೆಗಳ ಸಂದಿಯಲ್ಲಿ ಫೋಟೊ ತೆಗೆಯುತ್ತ ಉಳಿದವರು ಗೊತ್ತಾಗುವುದು ಹೀಗೆಯೇ.

ಮುಂದಾಳು ಹಿಂದಿನ ಭಾನುವಾರ ಅದೇ ಹೊತ್ತಿಗೆ ಅದೇ ದಾರಿಯನ್ನು ನಡೆದು ನೋಡಿರಬೇಕು. ಮಧ್ಯಾಹ್ನ ನಡೆದು ನೋಡಿದ್ದು ಲೆಕ್ಕಕ್ಕಿಲ್ಲ. ಬೆಳಗಿನ ನೆರಳು ಎಲ್ಲಿ ಬೀಳುತ್ತದೆ, ಹೆಜ್ಜೇನು ಯಾವ ಬಂಡೆಗೆ ಕಟ್ಟಿದೆ, ಯಾವ ಮೆಟ್ಟಿಲು ಸಡಿಲವಾಗಿದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ಪ್ರತಿ ನಿಲುಗಡೆಗೆ ಎಷ್ಟು ನಿಮಿಷ ಎಂದೂ ಬರೆದುಕೊಳ್ಳಬೇಕು. ಹದಿನೈದು ಜನ, ನಿಲುಗಡೆ ಸೇರಿ, ಬೆಟ್ಟದ ಮೇಲೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ನಕ್ಷೆ ತೋರಿಸುವ ಮೊಬೈಲು ಹೇಳುವ ‘12 ನಿಮಿಷ’ವನ್ನು ಇಲ್ಲಿ ನಂಬಬೇಡಿ, ಅದಕ್ಕೆ ಮೆಟ್ಟಿಲು ಗೊತ್ತಿಲ್ಲ.

ಹೊತ್ತಿನ ಅಂದಾಜು ಹೀಗಿರಲಿ. ಆರು ಗಂಟೆಗೆ ಕೋಟೆ ಬಾಗಿಲಲ್ಲಿ ಸೇರಿ, ಆರೂಕಾಲಿಗೆ ಹೊರಡುವುದು. ತಡವಾದವರಿಗೆ ಹತ್ತು ನಿಮಿಷ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ. ಟಿಕೆಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದಿಟ್ಟರೆ ಕೌಂಟರಿನ ಸಾಲು ತಪ್ಪುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಸುತ್ತಿ ಸುತ್ತಿ ತಿರುಗುವ ಬಾಗಿಲುಗಳಲ್ಲಿ ಒಂದರಲ್ಲಾದರೂ ಗುಂಪನ್ನು ನಿಲ್ಲಿಸಿ, ಬಂದ ದಾರಿಯಾಗಲಿ ಹೋಗುವ ದಾರಿಯಾಗಲಿ ನೇರ ಕಾಣುತ್ತದೆಯೇ ಎಂದು ಕೇಳಿ. ಕಾಣುವುದಿಲ್ಲ. ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗದಂತೆ ತಿರುವು ಇಟ್ಟದ್ದನ್ನು ಭಾಷಣವಿಲ್ಲದೆ ತಿಳಿಸುವ ಬಗೆ ಇದು. ಸಿಡಿಮದ್ದು ಬೀಸುವ ಕಲ್ಲುಗಳ ಬಳಿ ಐದು ನಿಮಿಷ. ಏಳೂಕಾಲಿಗೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರದ ಬಯಲು. ಏಳೂವರೆಯಿಂದ ಎಂಟೂಕಾಲರ ತನಕ ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ-ತಂಗಿ. ಬೇರೆಲ್ಲಿ ಹೊತ್ತು ಉಳಿಸಿದರೂ ಇಲ್ಲಿ ಉಳಿಸಬೇಡಿ. ಮೇಲಿನ ಹೊಂಡದ ಕೋಡಿ ಎಲ್ಲಿ, ಕೆಳಗಿನದಕ್ಕೆ ನೀರು ಬೀಳುವ ಜಾಗ ಎಲ್ಲಿ ಎಂದು ಗುಂಪೇ ಹುಡುಕಲಿ. ಆಮೇಲೆ ಓಬವ್ವನ ಕಿಂಡಿ, ತಣ್ಣೀರು ದೋಣಿ. ಒಂಬತ್ತೂಕಾಲಿಗೆ ಕೆಳಗೆ.

ಕಥೆಗಳ ವಿಷಯದಲ್ಲಿ ಒಂದು ಶಿಸ್ತು ಬೇಕು. ಅಕ್ಕ-ತಂಗಿ ಹೊಂಡದ ದಡದಲ್ಲಿ ನಿಂತವರು ಸಾಮಾನ್ಯವಾಗಿ ಕೇಳುವುದು ರಾಣಿಯರು ಹಾರಿದ ಕಥೆಯೊಂದನ್ನೇ. ಹೊಂಡಕ್ಕೆ ನೀರು ಎಲ್ಲಿಂದ ಬಂತು ಎಂಬುದನ್ನು ಯಾರೂ ಹೇಳುವುದಿಲ್ಲ. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಮದಕರಿನಾಯಕ ಸೆರೆಯಾದದ್ದು ಇತಿಹಾಸ. ರಾಣಿಯರದ್ದು ಜನ ಹೇಳಿಕೊಂಡು ಬಂದ ಮಾತು. ಓಬವ್ವನ ಕಥೆಯೂ ಬಾಯಿಂದ ಬಾಯಿಗೆ ಬಂದದ್ದೇ, ಅದರಿಂದ ಅದರ ತೂಕ ಕಡಿಮೆಯಾಗುವುದಿಲ್ಲ. ನವೆಂಬರ್ 11ರಂದು ಸರ್ಕಾರವೇ ಜಯಂತಿ ಮಾಡುತ್ತಿದೆ. ಮುಂದಾಳು ‘ಶಾಸನದಲ್ಲಿದೆ’, ‘ಹೇಳುತ್ತಾರೆ’ ಎಂಬ ಎರಡು ಮಾತನ್ನು ಬೆರೆಸದಿದ್ದರೆ ಸಾಕು. ಕಳ್ಳದಾರಿಗಳು ಇಷ್ಟು, ಬುರುಜುಗಳು ಇಷ್ಟು ಎಂದು ಅಂಕಿ ಉದುರಿಸುವುದನ್ನೂ ಬಿಡಬಹುದು. ಒಬ್ಬೊಬ್ಬ ಗೈಡಿನ ಬಾಯಲ್ಲಿ ಒಂದೊಂದು ಲೆಕ್ಕ.

ಎಡವಟ್ಟಾಗುವ ಕಡೆಗಳು ಮೂರ್ನಾಲ್ಕು, ಬಹುಪಾಲು ಮೊದಲೇ ಗೊತ್ತಿರುವಂಥವು. ಒಣ ಗ್ರಾನೈಟ್ ಒರಟು, ಹಳೇ ಚಪ್ಪಲಿಗೂ ಹಿಡಿತ ಕೊಡುತ್ತದೆ. ಒದ್ದೆಯಾದರೆ ಮೇಲೆ ಹೇಳಿದ ಕಪ್ಪು ಪಟ್ಟೆಯೇ ಬೆಣ್ಣೆ ಸವರಿದಂತೆ ಜಾರುತ್ತದೆ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಬಂಡೆ ಹತ್ತುವ ಯಾವ ಅಡ್ಡದಾರಿಯೂ ಬೇಡ, ಮೆಟ್ಟಿಲು ಬಿಟ್ಟು ಕದಲಬೇಡಿ. ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಲ್ಲಿ ಮುಖ ಮುಂದೆ ಮಾಡಿ ಇಳಿಯುವವರೇ ಜಾರುವುದು. ಏಣಿ ಇಳಿಯುವ ಹಾಗೆ ಬಂಡೆಗೆ ಮುಖ ಮಾಡಿ ಇಳಿಯಬೇಕು. ಆಷಾಢದ ಗಾಳಿಗೆ ಮೇಲೆ ಕೊಡೆ ನಿಲ್ಲದು, ಗಲ್ಲಕ್ಕೆ ದಾರ ಕಟ್ಟುವ ಟೋಪಿ ಇರಲಿ.

ಮಂಗಗಳು ಹಸಿವಿಗಿಂತ ಹೆಚ್ಚಾಗಿ ಪ್ಲಾಸ್ಟಿಕ್ ಕವರಿನ ಸದ್ದಿಗೆ ಬರುತ್ತವೆ. ಶೇಂಗಾ, ಬಾಳೆಹಣ್ಣು ಏನೇ ಇದ್ದರೂ ಜಿಪ್ ಇರುವ ಬ್ಯಾಗಿನೊಳಗೆ, ಬಟ್ಟೆಯಲ್ಲಿ ಸುತ್ತಿ ಇಡಿ. ತಲೆಗೆ ಒಂದೂವರೆ ಲೀಟರ್ ನೀರು ಬೇಕು. ಟಿಕೆಟ್ ಕೌಂಟರ್ ದಾಟಿದ ಮೇಲೆ ಶೌಚಾಲಯ ಸಿಕ್ಕೀತೆಂದು ನಂಬಿಕೊಂಡು ಹೊರಡಬೇಡಿ. ಇದನ್ನು ಮೊದಲೇ ಬಾಯಿಬಿಟ್ಟು ಹೇಳದ ಮುಂದಾಳುಗಳಿಂದಾಗಿ ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ನಡೆದು ತಲೆಸುತ್ತು ತರಿಸಿಕೊಳ್ಳುತ್ತಾರೆ.

ಹೆಜ್ಜೇನು ನಿಜವಾದ ಅಪಾಯ. ಅತ್ತರು, ಸೆಂಟು ಬೇಡ, ಬೀಡಿ-ಸಿಗರೇಟು ಬೇಡವೇ ಬೇಡ. ಹುಟ್ಟಿಗೆ ಕಲ್ಲು ಎಸೆಯುವ ಹುಡುಗರನ್ನು ಆಗಲೇ ವಾಪಸು ಕಳಿಸಬಹುದು, ದಾಕ್ಷಿಣ್ಯ ಬೇಡ. ಎದ್ದರೆ ಕೈ ಬೀಸುತ್ತ ನಿಲ್ಲಬಾರದು. ಬಟ್ಟೆಯಿಂದ ಮುಖ, ಮೂಗು ಮುಚ್ಚಿಕೊಂಡು ಆ ಜಾಗದಿಂದ ದೂರ ಓಡಬೇಕು. ಹೊಂಡಕ್ಕೆ ಹಾರಬಾರದು, ಹುಳು ಮೇಲೆ ಕಾಯುತ್ತಿರುತ್ತವೆ, ಈಜು ಬಾರದವರು ಮುಳುಗುತ್ತಾರೆ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಅಲರ್ಜಿ ಇರುವವರು ಹೆಸರು ಕೊಡುವಾಗಲೇ ಹೇಳಿರಬೇಕು. ಉಸಿರು ಕಟ್ಟುವುದು, ತುಟಿ ಊದುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ.

ಮಂಡಿನೋವಿನ ಹಿರಿಯರು ಬೆಟ್ಟ ಹತ್ತಲೇಬೇಕೆಂದಿಲ್ಲ. ಒಂಬತ್ತೂವರೆಗೆ ಪೇಟೆಯಲ್ಲಿ ಬಂದು ಸೇರಿಕೊಂಡರಾಯಿತು. ಹೇಳುವುದು ಅವರಲ್ಲೇ ಹೆಚ್ಚು ಇರುತ್ತದೆ ಕೂಡ. ಹೊಟ್ಟೆಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಿದ್ದ ಮೇಲೆ ದೊಡ್ಡಪೇಟೆ, ಚಿಕ್ಕಪೇಟೆಯ ಓಣಿಗಳು. ಇಲ್ಲಿ ಇಬ್ಬಿಬ್ಬರಾಗಿ, ಒಂದೇ ಬದಿಯಲ್ಲಿ ನಡೆಯಬೇಕು. ಹದಿನೈದು ಜನ ಓಣಿಗೆ ಅಡ್ಡ ನಿಂತರೆ ಹಾಲಿನ ಗಾಡಿಯೂ ದಾಟದು. ಜಗಲಿ, ಮಾಳಿಗೆ ಮನೆ, ಕೆತ್ತನೆಯ ಬಾಗಿಲು ಚೆನ್ನಾಗಿವೆಯೆಂದು ಒಳಗೆ ಇಣುಕಿ ಫೋಟೊ ಹೊಡೆಯಬಾರದು. ‘ಅಮ್ಮಾ, ನಿಮ್ಮ ಬಾಗಿಲಿನ ಫೋಟೊ ತಗೊಳ್ಳಬಹುದಾ?’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ, ಒಳಗೆ ಕರೆದು ನೀರು ಕೊಡುವವರೇ ಹೆಚ್ಚು. ಉಚ್ಚಂಗಿ ಯಲ್ಲಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ ಗುಂಪು ಕಟ್ಟಿಕೊಂಡು ಹೋಗದಿರುವುದು ಒಳ್ಳೆಯದು, ಭಕ್ತರಿಗೆ ಅಡ್ಡಿ. ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯದ ರಜಾದಿನವನ್ನು ಮೊದಲೇ ವಿಚಾರಿಸಿಕೊಳ್ಳಿ.

ನಡಿಗೆ ಮುಗಿಯಬೇಕಾದ್ದು ಸಂತೆಹೊಂಡದ ಮೆಟ್ಟಿಲ ಬಳಿ. ಬೆಟ್ಟದಿಂದ ಇಲ್ಲಿಗೆ ಬರುವ ಹಾದಿಯಲ್ಲಿ ಮನೆ, ರಸ್ತೆ, ಚರಂಡಿ ಎದ್ದಿರುವುದರಿಂದ ಹಳೆಯ ಕಾಲುವೆ ಎಲ್ಲ ಕಡೆ ಕಾಣುವುದಿಲ್ಲ. ಆದರೆ ಇಳಿಜಾರು ಸುಳ್ಳು ಹೇಳುವುದಿಲ್ಲ. ಜೋರು ಮಳೆಯ ದಿನ ಯಾವ ಓಣಿಯಲ್ಲಿ ನೀರು ನುಗ್ಗುತ್ತದೆ ಎಂದು ಅಂಗಡಿಯವರನ್ನು ಕೇಳಿ. ಅವರು ಬೆರಳು ತೋರಿಸುವ ಕಡೆಗೇ ಹಳೇ ಜಾಡು ಇರುವ ಸಂಭವ ಹೆಚ್ಚು.

ಎರಡನೇ ಭಾನುವಾರಕ್ಕೆ ಊರ ಪಕ್ಕದ ಚಂದ್ರವಳ್ಳಿ ಇಟ್ಟುಕೊಳ್ಳಿ. ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಅಲ್ಲಿನ ಬಂಡೆಯ ಮೇಲಿದೆ. ಅದು ಹೇಳುವುದೂ ತಟಾಕದ ವಿಷಯವನ್ನೇ, ಅಂದರೆ ಕೆರೆಯನ್ನೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದ್ದೂ ಅಲ್ಲೇ. ಅಂಕಲಿ ಮಠದ ಗವಿಗೆ ಒಬ್ಬೊಬ್ಬರಿಗೆ ಒಂದು ಟಾರ್ಚ್ ಬೇಕು, ಮೊಬೈಲ್ ಬೆಳಕು ಸಾಲದು. ದಾರಿ ಬಲ್ಲವರಿಲ್ಲದೆ ಒಳಗೆ ಹೋಗಬೇಡಿ.

ಆಡಳಿತ ನಡೆಸುವವರಲ್ಲಿ ಕೇಳುವುದು ದೊಡ್ಡದೇನಲ್ಲ. ಕೋಟೆಯ ಬಾಗಿಲ ಹತ್ತಿರದ ಶೌಚಾಲಯ ಬೆಳಗ್ಗೆ ಆರಕ್ಕೆ ತೆರೆದಿರಲಿ. ನಾಲ್ಕೂ ಹೊಂಡಗಳ ಬಳಿ ಒಂದೊಂದು ಫಲಕ ಇರಲಿ, ಕಣ್ಣಿನ ಎತ್ತರಕ್ಕೆ, ಕನ್ನಡದಲ್ಲಿ ದಪ್ಪಕ್ಷರ. ರಾಜರ ವಂಶಾವಳಿ ಬೇಡ. ಈ ಹೊಂಡಕ್ಕೆ ನೀರು ಯಾವ ಹೊಂಡದಿಂದ ಬಂತು, ಇಲ್ಲಿಂದ ಎಲ್ಲಿಗೆ ಹೋಯಿತು, ಎರಡು ಸಾಲು, ಒಂದು ಬಾಣದ ಗುರುತು. ಮೊದಲ ಫಲಕ ಸಂತೆಹೊಂಡಕ್ಕೇ ಆಗಲಿ, ಅಲ್ಲಿ ದಿನಾ ಓಡಾಡುವವರು ಹೆಚ್ಚು.

– ಭಾನುವಾರ ಊರು ಸುತ್ತುವ ಕೆಲವರು, ಚಿತ್ರದುರ್ಗ